ಜಾವಾ ಕೆಲಸಕ್ಕೆ ಯಾವ ಎಐ? ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನ ಲೆಕ್ಕ

ಹೋದ ಮೆಣಸಿನಕಾಯಿ ಸೀಸನ್ನಿನಲ್ಲಿ ಬ್ಯಾಡಗಿಯಿಂದ ಫೋನ್ ಬಂತು. ದಲಾಲಿ ಅಂಗಡಿಯ ಗುಮಾಸ್ತರು. "ಸರ, ರೊಕ್ಕ ಕೊಟ್ಟಾಗೇತಿ, ರೈತ ಊರಿಗೂ ಹೋಗ್ಯಾನ. ನಿಮ್ಮ ಕಂಪ್ಯೂಟರ್ ಮಾತ್ರ ಇನ್ನೂ ಪಟ್ಟಿ ಮುಚ್ಚವಲ್ದು" ಅಂದರು. ತೆಗೆದು ನೋಡಿದೆ. ಪಟ್ಟಿಯ, ಅಂದರೆ ರೈತನಿಗೆ ಕೊಡುವ ಹಣದ ಲೆಕ್ಕದ ಚೀಟಿಯ, ಮೊತ್ತ 48,250.50. ಕೊಟ್ಟದ್ದೂ 48,250.50. ಬಾಕಿ ಸೊನ್ನೆ. ಆದರೂ ಪಟ್ಟಿ ತೆರೆದೇ ಇದೆ.

ಗೋಕುಲ ರೋಡಿನ ನಮ್ಮ ಆಫೀಸಿನಲ್ಲಿ ಐದೇ ಜನ. ದಲಾಲಿ ಅಂಗಡಿಗಳ ತೂಕ, ಹಮಾಲಿ, ರೈತರ ಪಟ್ಟಿ ನೋಡಿಕೊಳ್ಳುವ, ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಾಫ್ಟ್‌ವೇರ್ ನಮ್ಮದು. ಆ ಪಟ್ಟಿ ಮುಚ್ಚುವ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಬರೆದದ್ದು ಎಐ. ಅದರ ಟೆಸ್ಟ್, ಅಂದರೆ ಕೋಡ್ ಸರಿಯಿದೆಯಾ ಅಂತ ಪರೀಕ್ಷಿಸುವ ಕೋಡ್, ಬರೆದದ್ದೂ ಅದೇ ಎಐ. ಓದಿ ನೋಡಿ (ಅದೇ ರಿವ್ಯೂ), ಮುಖ್ಯ ಕೋಡಿಗೆ ಸೇರಿಸುವ ಮರ್ಜ್ ಒತ್ತಿದವನು ನಾನು.

ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಕೊಟ್ಟ ಹಣ, ಕೊಡಬೇಕಾದ ಹಣ ಎರಡೂ ಬಿಗ್‌ಡೆಸಿಮಲ್, ಅಂದರೆ ಜಾವಾದಲ್ಲಿ ದಶಮಾಂಶ ಸಂಖ್ಯೆ ಇಡುವ ಒಂದು ಬಗೆ. ಎರಡನ್ನೂ ಈಕ್ವಲ್ಸ್ ಮೆಥಡ್ಡಿನಿಂದ ಹೋಲಿಸಿತ್ತು. ಬಿಗ್‌ಡೆಸಿಮಲ್‌ನ ಈಕ್ವಲ್ಸ್ ಬರೀ ಬೆಲೆ ನೋಡುವುದಿಲ್ಲ, ದಶಮಾಂಶದ ನಂತರ ಎಷ್ಟು ಅಂಕಿ ಇವೆ ಅಂತಲೂ ನೋಡುತ್ತದೆ. ಅದರ ಕಣ್ಣಿಗೆ 48250.5 ಬೇರೆ, 48250.50 ಬೇರೆ. ಕಂಪೇರ್‌ಟು ಬಳಸಿದ್ದರೆ ಎರಡೂ ಒಂದೇ. ಹಳೆಯ ಸ್ಕ್ರೀನ್ ಮೊತ್ತವನ್ನು ಎರಡು ಅಂಕಿಯ ಪಠ್ಯವಾಗಿ ಕಳಿಸುತ್ತಿತ್ತು, ಹಾಗಾಗಿ ನಡೆದುಕೊಂಡು ಹೋಗಿತ್ತು. ಆ ವಾರ ಕೊಟ್ಟ ಹೊಸ ಮೊಬೈಲ್ ಸ್ಕ್ರೀನ್ ಸುಮ್ನೆ ಸಂಖ್ಯೆ ಕಳಿಸಿತು. ಕೊನೆಯ ಸೊನ್ನೆ ದಾರಿಯಲ್ಲಿ ಉದುರಿತು.

ಟೆಸ್ಟ್ ಯಾಕೆ ಹಿಡಿಯಲಿಲ್ಲ? ಟೆಸ್ಟಿನಲ್ಲಿ ಎರಡೂ ಕಡೆ "100.00" ಅಂತಲೇ ಬರೆದಿತ್ತು. ಕೋಡ್ ಬರೆದವರ ತಲೆಯಲ್ಲಿ ಇಲ್ಲದ ಪ್ರಶ್ನೆ ಟೆಸ್ಟಿನಲ್ಲೂ ಇರಲಿಲ್ಲ. ಹಸಿರು ಟಿಕ್ ನೋಡಿ ನಾನು ಊಟಕ್ಕೆ ಹೋಗಿದ್ದೆ.

ಅವತ್ತಿನಿಂದ "ಯಾವ ಎಐ ಚಲೋ ಐತ್ರಿ?" ಅಂತ ಯಾರು ಕೇಳಿದರೂ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಅದು ಬರೆದದ್ದನ್ನು ನಿಮ್ಮಲ್ಲಿ ಯಾರು, ಎಷ್ಟು ಹೊತ್ತು ಕೂತು ಓದುತ್ತಾರೆ? ಈ ಬರಹದಲ್ಲಿ ಟೂಲುಗಳನ್ನು ಹೋಲಿಸಿರುವುದು ಆ ಲೆಕ್ಕದಲ್ಲಿ. ಜಾಣತನದ ಸ್ಪರ್ಧೆಯಲ್ಲಿ ಯಾರು ಮೊದಲು ಅನ್ನುವುದು ತಿಂಗಳಿಗೊಮ್ಮೆ ಬದಲಾಗುತ್ತದೆ. ನಮ್ಮ ಓದುವ ವೇಗ ಬದಲಾಗುವುದಿಲ್ಲ.

ಬಳಸಬೇಕೋ ಬೇಡವೋ ಅನ್ನುವ ಚರ್ಚೆ ಹೆಚ್ಚೂಕಡಿಮೆ ಮುಗಿದಿದೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದ 2025ರ ಸಮೀಕ್ಷೆಯಲ್ಲಿ 84% ಡೆವಲಪರುಗಳು ಎಐ ಟೂಲ್ ಬಳಸುತ್ತೇವೆ ಅಥವಾ ಬಳಸಲಿದ್ದೇವೆ ಅಂದಿದ್ದರು. ಅದೇ ಸಮೀಕ್ಷೆಯಲ್ಲಿ 46% ಜನ ಅದರ ಉತ್ತರ ಸರಿಯಿರುತ್ತದೆ ಅಂತ ನಂಬುವುದಿಲ್ಲ ಅಂದರು. ನಂಬದೇ ಬಳಸುವುದು ವಿಚಿತ್ರ ಅನಿಸಬಹುದು. ಆದರೆ ಸಂತೆಯಲ್ಲಿ ತಕ್ಕಡಿ ನೋಡಿಕೊಂಡೇ ಅಲ್ವಾ ನಾವು ಕಾಯಿಪಲ್ಲೆ ಕೊಳ್ಳುವುದು?

ಸಾಲು ತುಂಬುವುದು, ಹರಟುವುದು, ತಾನೇ ಮಾಡಿ ಮುಗಿಸುವುದು

ಟೂಲಿನ ಹೆಸರಿಗಿಂತ ಮೊದಲು ಅದರ ಬಗೆ ನೋಡಿ. ಮೂರು ಬಗೆ ಇವೆ.

ಒಂದು, ನೀವು ಟೈಪ್ ಮಾಡುತ್ತಿದ್ದಂತೆ ಮುಂದಿನ ಸಾಲು ಬೂದು ಬಣ್ಣದಲ್ಲಿ ತೋರಿಸುವುದು. ಗಿಟ್‌ಹಬ್ ಕೋಪೈಲಟ್ ಹೆಸರು ಮಾಡಿದ್ದೇ ಇದರಿಂದ. 2021ರ ಜೂನ್‌ನಲ್ಲಿ ಪರೀಕ್ಷೆಗೆ ಬಂತು, 2022ರ ಜೂನ್‌ನಲ್ಲಿ ತಿಂಗಳಿಗೆ 10 ಡಾಲರ್‌ಗೆ ಎಲ್ಲರಿಗೂ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಉಚಿತ ಪ್ಲಾನೂ ಬಂತು. ಜಾವಾದಲ್ಲಿ ಈ ಬಗೆಗೆ ಕೆಲಸ ಜಾಸ್ತಿ, ಯಾಕೆಂದರೆ ನಮ್ಮ ಭಾಷೆಯೇ ಮಾತು ಜಾಸ್ತಿ ಆಡುವ ಭಾಷೆ. ಡಿಟಿಒ, ಮ್ಯಾಪರ್, ಬಿಲ್ಡರ್, ಮೂವತ್ತು ಫೀಲ್ಡುಗಳ ಟೋಸ್ಟ್ರಿಂಗ್, ಹೀಗೆ ಒಂದೇ ಥರದ ಸಾಲುಗಳ ರಾಶಿ. ಒಂದೆರಡೇ ಸಾಲು ಬರುವುದರಿಂದ ಓದುವ ಹೊರೆ ಕಡಿಮೆ. ಅಪಾಯವೂ ಇದೆ: ಟ್ಯಾಬ್ ಒತ್ತುವುದು ಬೆರಳಿನ ಚಟವಾಗುತ್ತದೆ. ಒಂದು ಕಡೆಯ ಮಾಹಿತಿಯನ್ನು ಇನ್ನೊಂದು ಕಡೆಗೆ ತುಂಬುವ ಮ್ಯಾಪರಿನಲ್ಲಿ ಗ್ರಾಸ್ ತೂಕವನ್ನು ನೆಟ್ ತೂಕದ ಫೀಲ್ಡಿಗೆ ಹಾಕಿದ್ದು ನಮ್ಮಲ್ಲೇ ಎರಡು ಸಲ ಆಗಿದೆ. ಎರಡೂ ಒಂದೇ ಟೈಪ್, ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ಪಾಪ ಏನು ಮಾಡೀತು?

ಎರಡನೆಯದು ಚಾಟ್. ಕೇಳು, ಉತ್ತರ ತಗೋ. ಮಿಕ್ಕವರು ಇದನ್ನು ಕೋಡ್ ಬರೆಸಲು ಬಳಸುತ್ತಾರೆ, ನಾನು ಕೋಡ್ ಓದಿಸಲು ಬಳಸುತ್ತೇನೆ. ಹತ್ತು ವರ್ಷದ ಹಿಂದೆ ಯಾರೋ ಬರೆದುಹೋದ 900 ಸಾಲಿನ ಕ್ಲಾಸ್, ಎರರ್ ಎಲ್ಲಿಂದ ಬಂತು ಅಂತ ತೋರಿಸುವ ಉದ್ದನೆಯ ಸ್ಟ್ಯಾಕ್ ಟ್ರೇಸ್, ಹೈಬರ್ನೇಟ್ ಲೈಬ್ರರಿ ಹೊರಡಿಸಿದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೇಳುವ ಪ್ರಶ್ನೆ): ಇವನ್ನು ಬಿಡಿಸಿ ಹೇಳುವುದರಲ್ಲಿ ಚಾಟ್ ಭಾರೀ ಉಪಯೋಗ. ತಪ್ಪು ಹೇಳಿದರೂ ಕೋಡಿಗೆ ಏನೂ ಆಗಿರುವುದಿಲ್ಲ.

ಮೂರನೆಯದು ಏಜೆಂಟ್. ಇದು ಫೈಲುಗಳನ್ನು ತಾನೇ ತೆರೆಯುತ್ತದೆ, ತಿದ್ದುತ್ತದೆ, ಪ್ರಾಜೆಕ್ಟ್ ಕಟ್ಟುವ ಮೇವನ್ ಓಡಿಸುತ್ತದೆ, ಎರರ್ ಬಂದರೆ ಮತ್ತೆ ತಿದ್ದುತ್ತದೆ. ಕ್ಲಾಡ್ ಕೋಡ್, ಜೆಟ್‌ಬ್ರೇನ್ಸ್‌ನ ಜೂನಿ, ಕರ್ಸರ್, ಕೋಪೈಲಟ್‌ನ ಏಜೆಂಟ್ ಮೋಡ್ ಎಲ್ಲ ಈ ಸಾಲಿನವು. ಇಲ್ಲಿ ಜಾವಾದವರಿಗೆ ಒಂದು ಅನುಕೂಲ ಇದೆ, ಅದನ್ನು ನಾವೇ ಸರಿಯಾಗಿ ಗುರುತಿಸಿಲ್ಲ. ಏಜೆಂಟ್ ಇಲ್ಲದ ಮೆಥಡ್ ಒಂದನ್ನು ಊಹಿಸಿ ಬರೆದರೆ ಕಂಪೈಲರ್ ತಕ್ಷಣ ಬಾಗಿಲಲ್ಲೇ ತಡೆಯುತ್ತದೆ. ಪೈಥಾನ್‌ನಲ್ಲಿ ಆ ತಪ್ಪು ಪ್ರೋಗ್ರಾಂ ಓಡಿ, ಆ ಸಾಲಿಗೆ ಬಂದು ಮುಟ್ಟಿದಾಗ ಗೊತ್ತಾಗುತ್ತದೆ. ಇಷ್ಟು ವರ್ಷ ಬೈದುಕೊಂಡ ಟೈಪುಗಳೇ ಈಗ ಕಾವಲುಗಾರರು.

ಆದರೆ ಏಜೆಂಟಿನ ಡಿಫ್, ಅಂದರೆ ಕೋಡಿನಲ್ಲಿ ಏನು ಬದಲಾಯಿತು ಅಂತ ತೋರಿಸುವ ಸಾಲುಗಳು, ಉದ್ದ. ನಮ್ಮ ಹುಡುಗನೊಬ್ಬ ಧಾರವಾಡದಿಂದ ಬರುವಾಗ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಡಿಫ್ ಓದಿ ಓಕೆ ಮಾಡುತ್ತಿದ್ದ. ನಾಲ್ಕು ಫೈಲಿದ್ದರೆ ಸರಿ, 37 ಫೈಲುಗಳನ್ನು ನವಲೂರು ದಾಟುವಷ್ಟರಲ್ಲಿ ಓದಲಾಗುತ್ತದೆಯೇ? ಈಗ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಏಜೆಂಟಿಗೆ ಕೊಡುವ ಕೆಲಸ, ಒಬ್ಬರು ಅರ್ಧ ಗಂಟೆಯಲ್ಲಿ ಓದಿ ಮುಗಿಸುವಷ್ಟಿರಬೇಕು. ದೊಡ್ಡದಿದ್ದರೆ ಮುರಿದು ಕೊಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಟೆಸ್ಟ್ ಪಾಸ್ ಮಾಡು ಅಂತ ಏಜೆಂಟಿಗೆ ಹೇಳಿದರೆ ಕೆಲವೊಮ್ಮೆ ಅದು ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದುತ್ತದೆ. ಟೆಸ್ಟೇ ಓಡದಂತೆ ಡಿಸೇಬಲ್ಡ್ ಅಂತ ಒಂದು ಅನೊಟೇಶನ್ (ಕೋಡಿನ ಮೇಲಿನ ಗುರುತು) ಹಚ್ಚುತ್ತದೆ, ಇಲ್ಲವೇ ಅಸರ್ಟ್, ಅಂದರೆ ಉತ್ತರ ಹೀಗೇ ಇರಬೇಕು ಅನ್ನುವ ಸಾಲು, ಸಡಿಲ ಮಾಡುತ್ತದೆ. ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬಂದಾಗ ನಾನು ಮೊದಲು ತೆರೆಯುವುದು ಟೆಸ್ಟ್ ಫೋಲ್ಡರ್. ಅಲ್ಲಿ ಕೆಂಪು ಸಾಲು, ಅಂದರೆ ಅಳಿಸಿದ ಸಾಲು, ಜಾಸ್ತಿ ಕಂಡರೆ ಚಹಾ ಪಕ್ಕಕ್ಕಿಟ್ಟು ಕೂರುತ್ತೇನೆ.

ಇಂಟೆಲಿಜೆ ಬಿಡಬೇಕಾ?

ಇಂಟೆಲಿಜೆ ಅನ್ನುವುದು ನಾವು ಜಾವಾ ಬರೆಯುವ, ಜೆಟ್‌ಬ್ರೇನ್ಸ್‌ನ ಎಡಿಟರ್. ಕರ್ಸರ್ ಅನ್ನುವುದು ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರಿನಿಂದ ಕವಲೊಡೆದದ್ದು. ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಮನೆಯಿದ್ದಂತೆ. ನಾನು ಎರಡು ತಿಂಗಳು ಅದರಲ್ಲೇ ಜಾವಾ ಬರೆದೆ. ಎಐ ಭಾಗ ಚೆನ್ನಾಗಿತ್ತು, ಉಳಿದದ್ದಕ್ಕೆ ಮನಸ್ಸು ಹತ್ತಲಿಲ್ಲ. ಎಂಟು ಮಾಡ್ಯೂಲಿನ ಮೇವನ್ ಪ್ರಾಜೆಕ್ಟ್ ತೆರೆದು ಇಂಡೆಕ್ಸ್ ಆಗುವುದನ್ನು ಕಾಯುವುದು, ರೀಫ್ಯಾಕ್ಟರ್ (ಕೆಲಸ ಬದಲಿಸದೆ ಕೋಡ್ ಓರಣ ಮಾಡುವುದು) ಮಾಡಲು ಹೋಗಿ ಅರ್ಧಕ್ಕೆ ನಿಲ್ಲುವುದು. ಹೆಸರು ಬದಲಿಸುವಂಥ ಕೆಲಸ ಇಂಟೆಲಿಜೆಯಲ್ಲಿ ಒಂದು ಶಾರ್ಟ್‌ಕಟ್, ಒಂದು ಪೈಸೆ ಟೋಕನ್ (ಎಐ ಬಳಕೆ ಅಳೆಯುವ ಪಠ್ಯದ ತುಣುಕು) ಖರ್ಚಿಲ್ಲ, ತಪ್ಪಾಗುವುದು ಅಪರೂಪ. ಅದನ್ನು ಎಐಗೆ ಹೇಳಿ ಮಾಡಿಸುವುದು ಪಕ್ಕದ ಓಣಿಗೆ ಹೋಗಲು ಟ್ಯಾಕ್ಸಿ ಕರೆದಂತೆ.

ಹಾಗಾಗಿ ನನ್ನ ಸಲಹೆ ನೇರ. ದಿನಪೂರ್ತಿ ಜಾವಾ ಬರೆಯುವವರು ಇಂಟೆಲಿಜೆ ಬಿಡಬೇಡಿ. ಕೋಪೈಲಟ್ ಪ್ಲಗಿನ್ ಹಾಕಿಕೊಳ್ಳಿ, ಅಥವಾ ಜೆಟ್‌ಬ್ರೇನ್ಸ್‌ನ ಎಐ ಅಸಿಸ್ಟೆಂಟ್, ಜೂನಿ ಬಳಸಿ. ಟರ್ಮಿನಲ್ ಅಭ್ಯಾಸ ಇರುವವರಿಗೆ ಕ್ಲಾಡ್ ಕೋಡ್ ಸರಿ. ಅದು ಟರ್ಮಿನಲ್‌ನಲ್ಲಿ ಓಡುತ್ತದೆ, ಎಡಿಟರ್ ಯಾವುದಿದ್ದರೂ ಅದಕ್ಕೆ ಬೇಜಾರಿಲ್ಲ. ಅರ್ಧ ದಿನ ಜಾವಾಸ್ಕ್ರಿಪ್ಟಿನ ರಿಯಾಕ್ಟ್, ಅರ್ಧ ದಿನ ಜಾವಾದ ಸ್ಪ್ರಿಂಗ್ ಬರೆಯುವವರು ಬೇಕಾದರೆ ಕರ್ಸರ್ ನೋಡಿ.

ದರಗಳ ಬಗ್ಗೆ ಒಂದೇ ಮಾತು: ವರ್ಷದ ಪ್ಲಾನ್ ತಗೋಬೇಡಿ. ಡಾಲರ್ ದರ, ಮಿತಿ, ಯಾವ ಪ್ಲಾನಿನಲ್ಲಿ ಯಾವ ಮಾಡೆಲ್ ಅನ್ನುವುದೆಲ್ಲ ಪದೇ ಪದೇ ಬದಲಾಗುತ್ತವೆ. ತಿಂಗಳ ಪ್ಲಾನ್ ಹಾಕಿ, ಮೂರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ ಹಾಕಿ.

ಹಳೆಯ ಕೋಡ್ ಇದ್ದವರಿಗೆ

ಈ ಭಾಗ ಉದ್ದ ಆಗುತ್ತದೆ, ಯಾಕೆಂದರೆ ನಮ್ಮ ಕಡೆ ಬರುವ ಕೆಲಸದಲ್ಲಿ ಹೆಚ್ಚಿನದು ಇದೇ. ಬೆಂಗಳೂರಿನ ದೊಡ್ಡ ತಂಡ ಹೊಸದನ್ನು ಕಟ್ಟುತ್ತದೆ, ಹಳೆಯದನ್ನು ನೋಡಿಕೊಳ್ಳಲು ಹುಬ್ಬಳ್ಳಿಗೆ ಕೊಡುತ್ತದೆ. ಜಾವಾ 8 ಬಂದದ್ದು 2014ರ ಮಾರ್ಚ್‌ನಲ್ಲಿ. ಇವತ್ತಿಗೂ ಅದರ ಮೇಲೇ ಓಡುತ್ತಿರುವ ಪ್ರಾಜೆಕ್ಟುಗಳನ್ನು ನಾನು ಕೈಯಾರೆ ಮುಟ್ಟಿದ್ದೇನೆ. ಜಾವಾ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್‌ನ 3ನೇ ಆವೃತ್ತಿ ಬಂದದ್ದು 2022ರ ನವೆಂಬರ್‌ನಲ್ಲಿ, ಅದಕ್ಕೆ ಕನಿಷ್ಠ ಜಾವಾ 17 ಬೇಕು. ಸ್ಪ್ರಿಂಗ್ ಬೂಟ್ 2.7ರ ಉಚಿತ ಬೆಂಬಲ 2023ರ ನವೆಂಬರ್‌ಗೆ ಮುಗಿಯಿತು. ಅಂದರೆ ಮೇಲೆ ಹೋಗಲೇಬೇಕು.

ಇಲ್ಲಿ ಎಐ ಒಂದು ಕಡೆ, ಓಪನ್‌ರೀರೈಟ್ ಒಂದು ಕಡೆ. ಓಪನ್‌ರೀರೈಟ್ ಎಐ ಅಲ್ಲ. ಅದು ನಿಮ್ಮ ಕೋಡನ್ನು ಟೈಪುಗಳ ಸಮೇತ ಓದಿ, ರೆಸಿಪಿ ಅನ್ನುವ ನಿಯಮಗಳ ಪ್ರಕಾರ ತಿದ್ದುವ ಓಪನ್ ಸೋರ್ಸ್ ಟೂಲ್. ಇವತ್ತು ಓಡಿಸಿದರೂ ನಾಳೆ ಓಡಿಸಿದರೂ ಒಂದೇ ಫಲಿತಾಂಶ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. ಸ್ಪ್ರಿಂಗ್ ಬೂಟ್ 3ಕ್ಕೆ ಹೋಗುವಾಗ ಜಾವಾಎಕ್ಸ್ ಅಂತ ಶುರುವಾಗುವ ಇಂಪೋರ್ಟುಗಳು (ಬೇರೆ ಕಡೆಯ ಕೋಡ್ ಕರೆತರುವ ಸಾಲುಗಳು) ಜಕಾರ್ತಾ ಆಗಬೇಕು. ಜಾವಾಎಕ್ಸ್ ಪರ್ಸಿಸ್ಟೆನ್ಸ್ ಹೋಗಿ ಜಕಾರ್ತಾ ಪರ್ಸಿಸ್ಟೆನ್ಸ್, ಸರ್ವ್ಲೆಟ್ ಹಾಗೇ. ಆದರೆ ಎಲ್ಲವೂ ಅಲ್ಲ. ಜಾವಾಎಕ್ಸ್ ಎಸ್‌ಕ್ಯೂಎಲ್, ಜಾವಾಎಕ್ಸ್ ಕ್ರಿಪ್ಟೋ ಜಾವಾದ ಒಡಲಲ್ಲೇ ಇರುವಂಥವು, ಅವು ಹಾಗೇ ಉಳಿಯಬೇಕು. ಫೈಂಡ್-ರೀಪ್ಲೇಸ್ ಮಾಡಿದರೆ ಎಲ್ಲವನ್ನೂ ಕೊಚ್ಚಿಹಾಕುತ್ತದೆ. ಎಐಗೆ ಕೊಟ್ಟರೆ 200 ಫೈಲುಗಳಲ್ಲಿ 194 ಸರಿ ಮಾಡಿ, ಆರರಲ್ಲಿ ಏನೋ ಹೊಸದು ಯೋಚಿಸಬಹುದು. ಆ ಆರು ಯಾವುವು ಅಂತ ಹುಡುಕಲು 200ನ್ನೂ ಓದಬೇಕು. ರೆಸಿಪಿಗೆ ಈ ವ್ಯತ್ಯಾಸ ಮೊದಲೇ ಗೊತ್ತು.

ಎಐಗೆ ಹಳೆಯ ಜಾವಾದ ಮೇಲೆ ಒಂದು ಮೋಹವೂ ಇದೆ. ಅದು ಕಲಿತದ್ದು ಇಂಟರ್ನೆಟ್ಟಿನ ಕೋಡಿನಿಂದ, ಅಲ್ಲಿ ಹಳೆಯದೇ ರಾಶಿ. ಲಾಗಿನ್, ಅನುಮತಿ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯೂರಿಟಿಗೆ ಕಾನ್ಫಿಗರೇಶನ್ ಬರೆ ಅಂದರೆ ವೆಬ್‌ಸೆಕ್ಯೂರಿಟಿಕಾನ್ಫಿಗರರ್‌ಅಡಾಪ್ಟರ್ ಎಕ್ಸ್‌ಟೆಂಡ್ ಮಾಡಿದ ಕ್ಲಾಸ್ ಬಂದು ಕೂರಬಹುದು. ಅದನ್ನು 5.7ರಲ್ಲಿ ಬೇಡ ಅಂದರು, 6.0ರಲ್ಲಿ ತೆಗೆದೇ ಹಾಕಿದರು. ಪ್ರಾಂಪ್ಟಿನಲ್ಲಿ, ಅಂದರೆ ಎಐಗೆ ಕೊಡುವ ಸೂಚನೆಯಲ್ಲಿ, ಆವೃತ್ತಿ ಹೇಳಿ. ಇನ್ನೂ ಒಳ್ಳೆಯದೆಂದರೆ, ಪ್ರಾಜೆಕ್ಟಿನ ನಿಯಮದ ಫೈಲಿನಲ್ಲಿ ಒಮ್ಮೆ ಬರೆದಿಡಿ. ಹೆಚ್ಚಿನ ಏಜೆಂಟುಗಳು ಅಂಥ ಫೈಲ್ ಓದಿಯೇ ಕೆಲಸ ಶುರು ಮಾಡುತ್ತವೆ. ನಮ್ಮದರಲ್ಲಿ ಹತ್ತು ಸಾಲು ಇವೆ. ಮೊದಲ ನಾಲ್ಕು ಹೀಗಿವೆ: ಜಾವಾ 21, ಸ್ಪ್ರಿಂಗ್ ಬೂಟ್ 3. ಹಣಕ್ಕೆ ಡಬಲ್ ಅನ್ನುವ ಸಂಖ್ಯೆಯ ಟೈಪ್ ಬೇಡ. ಬಿಗ್‌ಡೆಸಿಮಲ್ ಹೋಲಿಕೆಗೆ ಕಂಪೇರ್‌ಟು ಮಾತ್ರ. ಹೊಸ ಡಿಪೆಂಡೆನ್ಸಿ (ಹೊರಗಿನ ಲೈಬ್ರರಿ) ಬೇಕಾದರೆ ನಿಲ್ಲು, ಕೇಳು.

ನಾಲ್ಕನೆಯ ಸಾಲು ಯಾಕೆಂದರೆ, ಎಐ ಒಮ್ಮೊಮ್ಮೆ ಇಲ್ಲದ ಲೈಬ್ರರಿಯ ಹೆಸರನ್ನು ಇದೆ ಅನ್ನುವಷ್ಟು ಧೈರ್ಯದಿಂದ ಬರೆಯುತ್ತದೆ. ಅಂಥ ಹೆಸರಿನಲ್ಲಿ ಯಾರಾದರೂ ಕೆಟ್ಟ ಕೋಡ್ ಹಾಕಿಟ್ಟು ಕಾಯಬಹುದು.

ಹಾಗಾದರೆ ಅಪ್‌ಗ್ರೇಡಿನಲ್ಲಿ ಎಐಗೆ ಕೆಲಸವೇ ಇಲ್ಲವಾ? ಇದೆ. ರೆಸಿಪಿ ಓಡಿಸಿದ ಮೇಲೆ ಒಂದಿಷ್ಟು ಕಂಪೈಲ್ ಎರರ್ ಉಳಿಯುತ್ತವೆ. ಯಾರೋ ಒಳಗೇ ಬರೆದುಕೊಂಡ ಫ್ರೇಮ್‌ವರ್ಕ್, ಸತ್ತುಹೋದ ಲೈಬ್ರರಿ, ಇಂಥವು. ಅವನ್ನು ಒಂದೊಂದಾಗಿ ಏಜೆಂಟಿಗೆ ಕೊಡಿ, ಚೆನ್ನಾಗಿ ಮಾಡುತ್ತದೆ. ಅಮೆಜಾನ್ ಕ್ಯೂ ಡೆವಲಪರ್‌ನ ಜಾವಾ ಅಪ್‌ಗ್ರೇಡ್ ಸೌಲಭ್ಯವೂ ಒಳಗೆ ಓಪನ್‌ರೀರೈಟ್ ಬಳಸುತ್ತದೆ. ಎಐ ಮಾರುವವರೇ ನಿಯಮದ ಟೂಲನ್ನು ಜೊತೆಗಿಟ್ಟುಕೊಂಡಿದ್ದಾರೆ ಅಂದರೆ ನಮಗೂ ಅದೇ ದಾರಿ ಸರಿ.

ಇಷ್ಟಕ್ಕೆ ಮುಂಚೆ ಮಾಡಬೇಕಾದ್ದು ಟೆಸ್ಟ್. ಹಳೆಯ ಪ್ರಾಜೆಕ್ಟಿನಲ್ಲಿ ಟೆಸ್ಟೇ ಇರುವುದಿಲ್ಲ, ಇದ್ದರೂ ಹೆಸರಿಗೆ. ಇಲ್ಲಿ ಎಐ ಬರೆದ ಟೆಸ್ಟ್ ನಿಜಕ್ಕೂ ಬೇಕಾದ ವಸ್ತು. ಈಗಿನ ಕೋಡ್ ಏನು ಮಾಡುತ್ತದೋ ಅದನ್ನೇ ಹಿಡಿದಿಡುವ ಟೆಸ್ಟ್, ತಪ್ಪಿದ್ದರೆ ತಪ್ಪನ್ನೇ. ಜಾವಾ ಯೂನಿಟ್ ಟೆಸ್ಟಿಗೆಂದೇ ಇರುವ ಡಿಫ್‌ಬ್ಲೂ ಕವರ್ ಮಾಡುವುದೂ ಇದನ್ನೇ. ಅದು ಚಾಟ್ ಮಾಡೆಲ್ ಅಲ್ಲ, ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿ ನೋಡಿ ಕಲಿಯುವ ವಿಧಾನ) ಮೇಲೆ ನಿಂತದ್ದು. ಅಪ್‌ಗ್ರೇಡ್ ಆದ ಮೇಲೆ ವರ್ತನೆ ಬದಲಾಯಿತಾ ಅಂತ ನೋಡಲು ಇಷ್ಟು ಸಾಕು. ಆದರೆ ಹೊಸ ಕೋಡಿಗೆ ಈ ಪದ್ಧತಿ ಬೇಡ. ಹೊಸದಕ್ಕೆ ಯಾವ ಸಂದರ್ಭ ಪರೀಕ್ಷೆ ಮಾಡಬೇಕು ಅಂತ ಮನುಷ್ಯರು ಬರೆಯಬೇಕು. ಟೈಪ್ ಮಾಡುವ ಕೆಲಸ ಮಾತ್ರ ಎಐಗೆ. ನಮ್ಮ ಆಫೀಸಿನಲ್ಲಿ ಈಗ ಪಟ್ಟಿಯ ಟೆಸ್ಟ್ ಸಂದರ್ಭಗಳನ್ನು ಬ್ಯಾಡಗಿಯ ಆ ಗುಮಾಸ್ತರನ್ನೇ ಕೇಳಿ ಬರೆದುಕೊಳ್ಳುತ್ತೇವೆ. "ಚೀಲಾ ಹರದು ಅರ್ಧ ಕಾಯಿ ಚೆಲ್ಲಿದ್ರ ಹಮಾಲಿ ಪೂರಾನ ಕೊಡಬೇಕ್ರಿ" ಅನ್ನುವುದು ಯಾವ ಮಾಡೆಲ್ಲಿಗೆ ಹೊಳೆಯುತ್ತದೆ?

ಕ್ಲೌಡೋ, ನಮ್ಮ ಲ್ಯಾಪ್‌ಟಾಪೋ

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ, ಹೊಸದಾಗಿ ಸೇರಿದ ಹುಡುಗಿ ಡೇಟಾಬೇಸ್ ಕನೆಕ್ಟ್ ಆಗದ ಎರರ್ ಬಗೆಹರಿಸಲು ಇಡೀ ಅಪ್ಲಿಕೇಶನ್ ಪ್ರಾಪರ್ಟೀಸ್ ಫೈಲನ್ನು ಚಾಟಿಗೆ ಅಂಟಿಸಿದಳು. ಯೂಸರ್‌ನೇಮ್, ಪಾಸ್‌ವರ್ಡ್, ಸರ್ವರ್ ವಿಳಾಸ ಎಲ್ಲ. ಉತ್ತರ ಸರಿಯಾಗಿಯೇ ಬಂತು. ಅವತ್ತು ಸಂಜೆ ನಾವು ಎಲ್ಲ ಪಾಸ್‌ವರ್ಡ್ ಬದಲಾಯಿಸುತ್ತ ರಾತ್ರಿ ಹತ್ತರವರೆಗೆ ಕೂತೆವು. ಅವಳ ತಪ್ಪು ಅನ್ನಲಾರೆ. ಯಾರೂ ಅವಳಿಗೆ ಹೇಳಿರಲಿಲ್ಲ.

ಹೊರಗಿನ ಗ್ರಾಹಕರ ಕೋಡ್ ಮಾಡುವವರು ಟೂಲ್ ಆಯ್ಕೆಗೆ ಮೊದಲು ಒಪ್ಪಂದ ತೆಗೆದು ಓದಿ. ಕೋಡ್ ಮೂರನೆಯವರಿಗೆ ಹೋಗಬಾರದು ಅಂತ ಇದ್ದರೆ ಅಲ್ಲಿಗೆ ಕ್ಲೌಡ್ ಮಾತು ಮುಗಿಯಿತು, ಇಲ್ಲವೇ ಲಿಖಿತ ಒಪ್ಪಿಗೆ ತಗೊಳ್ಳಿ. ಮನೆಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆ ಆಯ್ಕೆಯೇ ಇಲ್ಲ, ಕಂಪನಿ ಕೊಟ್ಟದ್ದನ್ನೇ ಬಳಸಿ. ಸ್ವಂತ ಅಕೌಂಟಿನಲ್ಲಿ ಕಂಪನಿ ಕೋಡ್ ಹಾಕಬೇಡಿ. ಜನರ ಮಾಹಿತಿ ಇರುವ ಡೇಟಾ ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ತಲೆಯಲ್ಲಿರಲಿ. ರೈತರ ಹೆಸರು, ಬ್ಯಾಂಕ್ ಖಾತೆ ಇರುವ ಟೇಬಲ್ಲಿನ ನಿಜವಾದ ಸಾಲುಗಳನ್ನು ನಾವು ಪ್ರಾಂಪ್ಟಿಗೆ ಹಾಕುವುದಿಲ್ಲ. ಟೇಬಲ್ಲಿನ ರಚನೆ ಕೊಟ್ಟರೆ ಸಾಕು.

ಕ್ಲೌಡ್ ಬೇಡ ಅಂದವರಿಗೆ ಲೋಕಲ್ ಮಾಡೆಲ್ ಇದೆ. ಮಾಡೆಲ್ಲುಗಳನ್ನು ನಮ್ಮ ಯಂತ್ರದಲ್ಲೇ ಓಡಿಸುವ ಒಲಾಮಾ ಹಾಕಿ, ಕ್ವೆನ್ 2.5 ಕೋಡರ್ ಮಾಡೆಲ್ಲಿನ 7 ಬಿಲಿಯನ್ ಪ್ಯಾರಾಮೀಟರ್ ಗಾತ್ರದ್ದನ್ನು ಇಳಿಸಿಕೊಳ್ಳಿ. ಸುಮಾರು 4.7 ಜಿಬಿ. 16 ಜಿಬಿ ರಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎತ್ತಿನ ಗಾಡಿ, ಜೊತೆಗೆ ಇಂಟೆಲಿಜೆಯೂ ತೆರೆದಿದ್ದರೆ ಫ್ಯಾನ್ ಸದ್ದು ಪಕ್ಕದ ಮನೆಗೆ ಕೇಳುತ್ತದೆ. ಒಂದು ಮೆಥಡ್ ವಿವರಿಸಲು, ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯಲು, ಸಣ್ಣ ಟೆಸ್ಟಿಗೆ ನಡೆಯುತ್ತದೆ. ಇಡೀ ಪ್ರಾಜೆಕ್ಟ್ ನೋಡಿ ತಿದ್ದು ಅಂದರೆ ಆಗದು.

ನಡುವಿನ ದಾರಿ ಇನ್ನೊಂದಿದೆ, ಅನೇಕರಿಗೆ ಗೊತ್ತಿಲ್ಲ. ಇಂಟೆಲಿಜೆಯ ಹಣ ಕೊಡುವ ಅಲ್ಟಿಮೇಟ್‌ನಲ್ಲಿ 2024.1ರಿಂದ ಪೂರ್ತಿ ಸಾಲು ತುಂಬುವ ಸಣ್ಣ ಮಾಡೆಲ್ ನಿಮ್ಮ ಯಂತ್ರದಲ್ಲೇ ಓಡುತ್ತದೆ. ಕೋಡ್ ಹೊರಗೆ ಹೋಗುವುದಿಲ್ಲ. ಒಂದು ಸಾಲಿಗಿಂತ ಹೆಚ್ಚು ಆಸೆ ಪಡಬಾರದು ಅಷ್ಟೇ. ಹೆಸ್ಕಾಂ ಕರೆಂಟ್ ಹೋಗಿ ರೂಟರ್ ಕಣ್ಣು ಮುಚ್ಚಿದಾಗಲೂ ಇದು ಎಚ್ಚರ ಇರುತ್ತದೆ, ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ.

ಅಪ್ಲಿಕೇಶನ್ನಿನ ಒಳಗೇ ಎಐ ಬೇಕಾದರೆ

ಇಷ್ಟು ಹೊತ್ತು ಮಾತಾಡಿದ್ದು ಎಐ ಇಟ್ಟುಕೊಂಡು ಕೋಡ್ ಬರೆಯುವ ಬಗ್ಗೆ. ಈಗ ಗ್ರಾಹಕರೇ ಬಂದು "ನಮ್ಮ ಆ್ಯಪಿನ್ಯಾಗೂ ಎಐ ಹಾಕ್ರಿ" ಅನ್ನುತ್ತಾರೆ. ಇದಕ್ಕೆ ಪೈಥಾನ್ ಕಲಿಯಬೇಕು, ಬೇರೆ ಸರ್ವರ್ ಇಡಬೇಕು ಅಂತ ಬಹಳ ಜನ ಹೆದರುತ್ತಾರೆ. ಬೇಕಿಲ್ಲ. ಮಾಡೆಲ್ ಎಲ್ಲೋ ಇರುತ್ತದೆ, ನಾವು ಮಾಡುವುದು ಅದಕ್ಕೆ ಎಚ್‌ಟಿಟಿಪಿ ಕರೆ. ಜಾವಾದಲ್ಲಿ ಎರಡು ಒಳ್ಳೆಯ ಆಯ್ಕೆ ಇವೆ: ಸ್ಪ್ರಿಂಗ್ ಎಐ ಮತ್ತು ಲ್ಯಾಂಗ್‌ಚೈನ್4ಜೆ. ಎರಡರ 1.0 ಆವೃತ್ತಿಯೂ 2025ರ ಮೇ ತಿಂಗಳಲ್ಲೇ ಬಂತು.

ನೀವು ಈಗಾಗಲೇ ಸ್ಪ್ರಿಂಗ್ ಬೂಟ್‌ನಲ್ಲಿದ್ದರೆ ಸ್ಪ್ರಿಂಗ್ ಎಐ ತಗೊಳ್ಳಿ, ಯೋಚಿಸಬೇಡಿ. ಸ್ಟಾರ್ಟರ್ ಸೇರಿಸಿ, ಕೀ ಕೊಡಿ, ಮಾಡೆಲ್ ಜೊತೆ ಮಾತಾಡುವ ಚಾಟ್‌ಕ್ಲೈಂಟ್ ಸಿಗುತ್ತದೆ. ಉತ್ತರವನ್ನು ನೇರ ಜಾವಾ ರೆಕಾರ್ಡಿಗೆ ತುಂಬಿಕೊಡುತ್ತದೆ. ಇನ್ನೊಂದು ಜಾವಾ ಫ್ರೇಮ್‌ವರ್ಕ್ ಆದ ಕ್ವಾರ್ಕಸ್‌ನಲ್ಲಿದ್ದವರಿಗೆ, ಅಥವಾ ಫ್ರೇಮ್‌ವರ್ಕೇ ಇಲ್ಲದ ಪ್ರಾಜೆಕ್ಟಿಗೆ ಲ್ಯಾಂಗ್‌ಚೈನ್4ಜೆ. ಹೆಸರು ಪೈಥಾನ್‌ನ ಲ್ಯಾಂಗ್‌ಚೈನ್ ನೆನಪಿಸಿದರೂ ಅದರ ನಕಲಲ್ಲ, ಜಾವಾದವರಿಗೆ ಒಗ್ಗುವ ಹಾಗೆ ಬರೆದದ್ದು. ಇಂಟರ್‌ಫೇಸ್ ಒಂದನ್ನು ಬರೆದರೆ ಒಳಗಿನದನ್ನು ಅದೇ ಕಟ್ಟುತ್ತದೆ. ಎರಡರಲ್ಲೂ ಟೂಲ್ ಅನ್ನುವ ಅನೊಟೇಶನ್ ಇದೆ. ನಿಮ್ಮ ಮೆಥಡ್ ಮೇಲೆ ಅದನ್ನು ಹಚ್ಚಿದರೆ ಮಾಡೆಲ್ ಆ ಮೆಥಡ್ ಕರೆಯಲು ಕೇಳಬಹುದು.

ಹುಷಾರ್ ಇಲ್ಲೇ ಬೇಕು. ಇವತ್ತಿನ ದರ ಓದುವ ಮೆಥಡ್ಡಿಗೆ ಆ ಅನೊಟೇಶನ್ ಹಚ್ಚಿದ್ದೇವೆ. ಪಟ್ಟಿ ಮುಚ್ಚುವ ಮೆಥಡ್ಡಿಗೆ ಹಚ್ಚಿಲ್ಲ, ಹಚ್ಚುವುದೂ ಇಲ್ಲ. ಅರ್ಥದ ಹೋಲಿಕೆ ನೋಡಿ ಹುಡುಕುವ ಪ್ರತ್ಯೇಕ ವೆಕ್ಟರ್ ಡೇಟಾಬೇಸೂ ಮೊದಲ ದಿನಕ್ಕೆ ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದರೆ ಪಿಜಿವೆಕ್ಟರ್ ಎಕ್ಸ್‌ಟೆನ್ಶನ್ ಸಾಕು, ಎರಡೂ ಲೈಬ್ರರಿ ಅದನ್ನು ಬಲ್ಲವು. ಮತ್ತೆ ಖರ್ಚು ಲೆಕ್ಕ ಹಾಕುವಾಗ ಇಂಗ್ಲಿಷ್ ವಾಕ್ಯ ಕೊಟ್ಟು ಅಳೆಯಬೇಡಿ. ಅದೇ ಅರ್ಥದ ಕನ್ನಡ ವಾಕ್ಯಕ್ಕೆ ಸಾಮಾನ್ಯವಾಗಿ ಟೋಕನ್ ಜಾಸ್ತಿ ಬೀಳುತ್ತವೆ. ನಮ್ಮ ಗ್ರಾಹಕರು ಕೇಳುವುದು ಕನ್ನಡದಲ್ಲಿ, ಅದರಲ್ಲೂ ಬ್ಯಾಡಗಿ ಕನ್ನಡದಲ್ಲಿ. "ಡಬ್ಬಿ" ಅಂದರೆ ಪೆಟ್ಟಿಗೆಯಲ್ಲ, ಮೆಣಸಿನಕಾಯಿಯ ಒಂದು ಬಗೆ ಅಂತ ನಾವೇ ಹೇಳಿಕೊಡಬೇಕಾಯಿತು. ಕಡ್ಡಿಯದೂ ಅದೇ ಕಥೆ.

ಇನ್ನೂ ಓದುತ್ತಿರುವವರಿಗೆ

ವಿದ್ಯಾನಗರದ ಕೆಎಲ್‌ಇ ಕಡೆಯಿಂದ, ಧಾರವಾಡದ ಎಸ್‌ಡಿಎಂ ಕಡೆಯಿಂದ, ಗದಗ, ಹಾವೇರಿಯ ಕಾಲೇಜುಗಳಿಂದ ಹುಡುಗರು ಇಂಟರ್ನ್‌ಶಿಪ್ ಕೇಳಿಕೊಂಡು ಬರುತ್ತಾರೆ. ಪ್ರಾಜೆಕ್ಟ್ ತೋರಿಸುತ್ತಾರೆ, ಚೆನ್ನಾಗಿಯೇ ಇರುತ್ತದೆ. ನಾನು ಒಂದೇ ಕೇಳುತ್ತೇನೆ: ಈಕ್ವಲ್ಸ್ ಬರೆದು ಹ್ಯಾಶ್‌ಕೋಡ್ ಬರೆಯದಿದ್ದರೆ ಹ್ಯಾಶ್‌ಮ್ಯಾಪಿನಲ್ಲಿ ಏನಾಗುತ್ತದೆ? ಹಾಕಿದ ವಸ್ತು ಒಳಗೇ ಇದ್ದೂ ಸಿಗುವುದಿಲ್ಲ, ಯಾಕೆ? ಹಾಳೆ ಮೇಲೆ ಚಿತ್ರ ಬರೆದು ತೋರಿಸಿದವರನ್ನು ತಗೊಳ್ಳುತ್ತೇವೆ. ಅವರಿಗೆ ಎಐ ಬರೆದ ಕೋಡ್ ಓದಲು ಬರುತ್ತದೆ.

ಅದಕ್ಕೆ ನನ್ನ ಸಲಹೆ ಟೂಲಿನದ್ದಲ್ಲ, ಸೆಟ್ಟಿಂಗಿನದ್ದು. ಮೊದಲ ಆರು ತಿಂಗಳು ಸಾಲು ತುಂಬುವುದನ್ನು ಆಫ್ ಮಾಡಿ, ಚಾಟ್ ಇಟ್ಟುಕೊಳ್ಳಿ. ನೀವು ಬರೆಯಿರಿ, ಅದು ತಪ್ಪು ಹುಡುಕಲಿ. ಹಣ ಖರ್ಚು ಮಾಡಬೇಡಿ. ಜೆಟ್‌ಬ್ರೇನ್ಸ್ ವಿದ್ಯಾರ್ಥಿಗಳಿಗೆ ಇಂಟೆಲಿಜೆ ಉಚಿತ ಕೊಡುತ್ತದೆ.

ನಮ್ಮ ಆಫೀಸಿನ ಈಗಿನ ಜೋಡಣೆ ಕೇಳಿದರೆ: ಐದೂ ಜನಕ್ಕೆ ಇಂಟೆಲಿಜೆ, ಅದರಲ್ಲಿ ಸಾಲು ತುಂಬುವ ಪ್ಲಗಿನ್. ಏಜೆಂಟ್ ಇಬ್ಬರಿಗೆ ಮಾತ್ರ, ಯಾಕೆಂದರೆ ರಿವ್ಯೂ ಮಾಡಲು ನಾವು ಇಬ್ಬರೇ. ಐವರಿಗೂ ಕೊಟ್ಟರೆ ಕೋಡ್ ರಾಶಿ ಬೀಳುತ್ತದೆ, ಓದುವವರು ಯಾರು? ಒಬ್ಬ ಗ್ರಾಹಕರ ಕೆಲಸಕ್ಕೆ ಮಾತ್ರ ಲೋಕಲ್ ಮಾಡೆಲ್, ಅದೂ ಆಫೀಸಿನ ಒಂದೇ ಒಂದು ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ. ಆ ಕುರ್ಚಿಗೆ ಬೆಳಗ್ಗೆ ಪೈಪೋಟಿ ಇದೆ.

ನೀವು ಆರಿಸುವಾಗ ಯಾರ ಪಟ್ಟಿಯನ್ನೂ, ನನ್ನದನ್ನೂ ಪೂರ್ತಿ ನಂಬಬೇಡಿ. ನಿಮ್ಮದೇ ಹಳೆಯ ಟಿಕೆಟ್ (ದೂರು ಅಥವಾ ಕೆಲಸದ ಚೀಟಿ) ಮೂರು ತೆಗೆದಿಡಿ. ಒಂದು ಸುಲಭದ್ದು, ಒಂದು ಹತ್ತು ಫೈಲ್ ಮುಟ್ಟುವಂಥದ್ದು, ಒಂದು ನಿಮ್ಮನ್ನು ಅಳಿಸಿದ್ದು. ಸರಿಪಡಿಸುವ ಮೊದಲಿನ ಕಮಿಟ್ಟಿಗೆ (ಆಗ ಉಳಿಸಿಟ್ಟ ಕೋಡಿಗೆ) ಹೋಗಿ ಪ್ರತಿ ಟೂಲಿಗೂ ಅದೇ ಮೂರನ್ನು ಕೊಡಿ. ಗಡಿಯಾರ ಇಟ್ಟು ನೋಡಿ, ಅದು ಬರೆಯಲು ತೆಗೆದುಕೊಂಡ ಹೊತ್ತನ್ನಲ್ಲ, ನೀವು ಓದಿ ಒಪ್ಪಲು ತೆಗೆದುಕೊಂಡ ಹೊತ್ತನ್ನು.

ನನ್ನ ಮೂರನೆಯ ಟಿಕೆಟ್ ಯಾವುದು ಅಂತ ಹೇಳಬೇಕಿಲ್ಲ ಅಲ್ವಾ? ಗುಮಾಸ್ತರ ಮಾತನ್ನೇ ಬರೆದು ಕೊಡುತ್ತೇನೆ: ರೊಕ್ಕ ಕೊಟ್ಟಾಗಿದೆ, ಪಟ್ಟಿ ಮುಚ್ಚುತ್ತಿಲ್ಲ. ಕೆಲವು ನೇರ ಈಕ್ವಲ್ಸ್ ಸಾಲಿಗೆ ಬಂದು ನಿಲ್ಲುತ್ತವೆ. ಕೆಲವು ಮೊಬೈಲ್ ಸ್ಕ್ರೀನ್ ತಿದ್ದಿ ಕೈ ತೊಳೆದುಕೊಳ್ಳುತ್ತವೆ. ಒಂದು ಟೂಲ್ ಸೋಮವಾರ ಸರಿಯಾಗಿ ಹಿಡಿದು, ಗುರುವಾರ ಅದೇ ಪ್ರಶ್ನೆಗೆ ಪಟ್ಟಿ ಮುಚ್ಚುವ ಷರತ್ತನ್ನೇ ತೆಗೆದುಹಾಕಿತು. ಕೊಟ್ಟರೂ ಮುಚ್ಚು, ಕೊಡದಿದ್ದರೂ ಮುಚ್ಚು. ಟೆಸ್ಟ್ ಹಸಿರಾಗಿತ್ತು.